ಸ್ಟ್ರಾಬೆರಿಯ ಹೊಸ ತಳಿ: ಹುಟ್ಟುವುದು ಹೇಗೆ, ಗುರುತಿಸುವುದು ಹೇಗೆ?



ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಸ್ಟ್ರಾಬೆರಿ ಹಣ್ಣಿಗೇನು ಕೆಲಸ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಉತ್ತರವಾಗಿ, ನಮ್ಮ ಸಂಘಕ್ಕೆ ಆದ ಒಂದು ಅನುಭವವನ್ನು ಮೊದಲು ಹೇಳಿಬಿಡುತ್ತೇವೆ.

ಎರಡು ವರ್ಷಗಳ ಹಿಂದೆ ಕೆಲವು ಸದಸ್ಯರು, ತೋಟದ ಅಂಚಿನ ಬಯಲು ಜಾಗದಲ್ಲಿ ಚಳಿಗಾಲದ ಬೆಳೆಯಾಗಿ ಸ್ಟ್ರಾಬೆರಿ ಹಾಕಿ ನೋಡಬಹುದೇ ಎಂದು ವಿಚಾರಿಸಿದರು. ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಸಂಘದ ಸಸ್ಯಕ್ಷೇತ್ರದ ಪಕ್ಕದ ಆರು ಗುಂಟೆ ಜಾಗದಲ್ಲಿ ಪ್ರಯೋಗಕ್ಕೆಂದು ಮೂರು ಸಾವಿರ ಸಸಿ ತರಿಸಿದೆವು. ಹೊರಗಿನ ಒಂದು ನರ್ಸರಿಯ ಏಜೆಂಟರು ಒದಗಿಸಿದ ಸಸಿಗಳವು. ಬಿಲ್ಲಿನ ಮೇಲೆ ‘ಆಲ್ಬಿಯನ್’ ಎಂಬ ತಳಿಯ ಹೆಸರಿತ್ತು. ಹೆಸರು ಕೇಳಲು ಚೆನ್ನಾಗಿತ್ತು, ನಾವು ನಂಬಿದೆವು.

ಡಿಸೆಂಬರ್ ಕೊನೆಯ ಹೊತ್ತಿಗೆ ಹಣ್ಣು ಬಂತು. ಸಾಲಿನಲ್ಲಿ ನಡೆದು ನೋಡಿದರೆ ಒಂದು ಗಿಡದಲ್ಲಿ ಉದ್ದನೆಯ ಹಣ್ಣು, ಪಕ್ಕದ ಗಿಡದಲ್ಲಿ ದುಂಡನೆಯದು. ಕೊಯ್ದು ನೋಡಿದರೆ ಒಂದರ ಒಳಗೆ ಕಡುಗೆಂಪು, ಇನ್ನೊಂದರ ಒಳಗೆ ಬಿಳಿ, ನಡುವೆ ಪೊಳ್ಳು. ಕೆಲವು ಗಿಡಗಳಂತೂ ಹಣ್ಣನ್ನೇ ಕೊಡದೆ ಬಳ್ಳಿ ಹಬ್ಬಿಸುತ್ತಾ ಕುಳಿತವು. ಕನಿಷ್ಠ ಮೂರು ಬಗೆ ಕಲಸಿಹೋಗಿದೆ ಎಂದು ಸಂಘದ ಮಾಲಿಗೂ ತಿಳಿಯಿತು. ನರ್ಸರಿಯವರಿಗೆ ಕಾಗದ ಬರೆದೆವು. ಅಲ್ಲಿಂದ ಬಂದ ಉತ್ತರ ಒಂದೇ ಸಾಲಿನದು: ನಾವು ಕೊಟ್ಟದ್ದು ಆಲ್ಬಿಯನ್ ಅಲ್ಲ ಎನ್ನುವುದಕ್ಕೆ ನಿಮ್ಮಲ್ಲಿ ಏನು ಆಧಾರವಿದೆ?

ನಮ್ಮಲ್ಲಿ ಆಧಾರ ಇರಲಿಲ್ಲ. ಆಲ್ಬಿಯನ್ ಎಂದರೆ ಹೇಗಿರಬೇಕು ಎನ್ನುವುದೇ ನಮಗೆ ತಿಳಿದಿರಲಿಲ್ಲ. ಹಣ ಹೋದದ್ದು ಒಂದು ನಷ್ಟ. ಪ್ರಶ್ನೆಗೆ ಉತ್ತರ ಕೊಡಲಾಗದೆ ಸುಮ್ಮನಾಗಬೇಕಾಗಿ ಬಂದದ್ದು ಅದಕ್ಕಿಂತ ದೊಡ್ಡ ಕಸಿವಿಸಿ.

ಆ ಮೇಲೆ ಈ ವಿಷಯವನ್ನು ಓದಿ, ತಿಳಿದವರನ್ನು ಕೇಳಿ, ಒಂದಿಷ್ಟು ಅರ್ಥಮಾಡಿಕೊಂಡೆವು. ಅದನ್ನು ಇಲ್ಲಿ ಬರೆಯುತ್ತಿರುವುದು ಎಲ್ಲರೂ ಸ್ಟ್ರಾಬೆರಿ ಬೆಳೆಯಲಿ ಎಂದಲ್ಲ. ಸ್ಟ್ರಾಬೆರಿ ಸಸಿಯಲ್ಲಿ ಮೋಸವಾದರೆ ನಾಲ್ಕು ತಿಂಗಳಲ್ಲಿ ಗೊತ್ತಾಗುತ್ತದೆ. ಕಾಫಿ ಸಸಿಯಲ್ಲಾದರೆ ಮೂರು ನಾಲ್ಕು ವರ್ಷ ಬೇಕು. ಅಡಿಕೆ ಸಸಿಯಲ್ಲಾದರೆ ಆರೇಳು ವರ್ಷ, ಅಷ್ಟು ಹೊತ್ತಿಗೆ ಬಿಲ್ಲೂ ಇರುವುದಿಲ್ಲ, ಏಜೆಂಟನೂ ಇರುವುದಿಲ್ಲ. ಬೇಗ ಪಾಠ ಕಲಿಸುವ ಬೆಳೆಯಿಂದ ಕಲಿತುಕೊಳ್ಳುವುದು ಜಾಣತನ.

ಈ ಹಣ್ಣಿನ ಹಿನ್ನೆಲೆ

ನಾವು ಇಂದು ಅಂಗಡಿಯಲ್ಲಿ ಕಾಣುವ ದೊಡ್ಡ ಸ್ಟ್ರಾಬೆರಿ ಕಾಡಿನಲ್ಲಿ ಎಲ್ಲೂ ತಾನಾಗಿ ಬೆಳೆಯುತ್ತಿದ್ದುದಲ್ಲ. ಅದಕ್ಕೆ ಇನ್ನೂರೈವತ್ತು ಚಿಲ್ಲರೆ ವರ್ಷಗಳ ವಯಸ್ಸು ಮಾತ್ರ. ಯುರೋಪಿನ ಕಾಡುಗಳಲ್ಲಿ ಬೆಳೆಯುವುದು ಬೆರಳ ತುದಿಯಷ್ಟು ಸಣ್ಣ ಹಣ್ಣು. ಉತ್ತರ ಅಮೆರಿಕದ ಪೂರ್ವ ಭಾಗದಿಂದ ‘ವರ್ಜೀನಿಯ’ ಸ್ಟ್ರಾಬೆರಿ ಯುರೋಪಿಗೆ ಬಂತು. ಅದೂ ಸಣ್ಣದೇ, ಆದರೆ ಒಳ್ಳೆಯ ಬಣ್ಣ, ಒಳ್ಳೆಯ ಪರಿಮಳ.

ಫ್ರಾನ್ಸಿನ ಸೈನ್ಯದ ಎಂಜಿನಿಯರ್ ಫ್ರೆಜಿಯೆ ಎಂಬುವನು ದಕ್ಷಿಣ ಅಮೆರಿಕದ ಕರಾವಳಿಯಲ್ಲಿ ಸ್ಪೇನಿನವರ ಕೋಟೆಗಳನ್ನು ಗುಟ್ಟಾಗಿ ನೋಡಿ ಬರಲು ಹೋಗಿದ್ದ. ಚಿಲಿ ದೇಶದಲ್ಲಿ ಅಲ್ಲಿನ ಜನ ಬೆಳೆಯುತ್ತಿದ್ದ ದೊಡ್ಡ ಗಾತ್ರದ ಸ್ಟ್ರಾಬೆರಿ ಅವನ ಕಣ್ಣಿಗೆ ಬಿತ್ತು. 1714ರಲ್ಲಿ ಹಿಂದಿರುಗುವಾಗ ಗಿಡಗಳನ್ನು ಹಡಗಿನಲ್ಲಿ ತಂದ. ಉದ್ದ ಪ್ರಯಾಣ, ಸಿಹಿನೀರಿನ ಅಭಾವ. ಕೊನೆಗೆ ಬದುಕಿ ದಡ ಸೇರಿದ್ದು ಐದು ಗಿಡ. ದುರದೃಷ್ಟಕ್ಕೆ ಅವೆಲ್ಲ ಹೆಣ್ಣು ಗಿಡಗಳು. ಹೂ ಬಿಟ್ಟವು, ಹಣ್ಣು ಕಟ್ಟಲಿಲ್ಲ. ಫ್ರಾನ್ಸಿನ ಬ್ರಿಟನಿ ಸೀಮೆಯ ರೈತರು, ಪಕ್ಕದಲ್ಲಿ ವರ್ಜೀನಿಯ ಸ್ಟ್ರಾಬೆರಿ ನೆಟ್ಟರೆ ಚಿಲಿಯ ಗಿಡ ಹಣ್ಣು ಕಟ್ಟುತ್ತದೆ ಎನ್ನುವುದನ್ನು ಕಂಡುಕೊಂಡರು.

ಹಾಗೆ ಅಕ್ಕಪಕ್ಕ ಬೆಳೆದ ಎರಡು ಜಾತಿಗಳ ಬೀಜದಿಂದ ಹುಟ್ಟಿದ್ದೇ ಇಂದಿನ ಸ್ಟ್ರಾಬೆರಿ. ಇದು ಆ ಎರಡರ ಸಂಕರ ಎಂದು 1766ರಲ್ಲಿ ಪುಸ್ತಕ ಬರೆದು ತಿಳಿಸಿದವನು ದ್ಯುಶೇನ್ ಎಂಬ ಹತ್ತೊಂಬತ್ತು ವರ್ಷದ ಹುಡುಗ. ಒಂದರಿಂದ ಗಾತ್ರ, ಇನ್ನೊಂದರಿಂದ ಬಣ್ಣ ಮತ್ತು ಪರಿಮಳ. ಅಂದಿನಿಂದ ಇಂದಿನವರೆಗೆ ತಳಿ ಸಂವರ್ಧಕರು ಮಾಡುತ್ತಿರುವುದು ಇದನ್ನೇ, ಬೇಕೆಂದು, ಲೆಕ್ಕವಿಟ್ಟು.

ಬೀಜಕ್ಕೊಂದು ಗುಣ, ಬಳ್ಳಿಗೊಂದು ಗುಣ

ಬೀಜದಂತೆ ವೃಕ್ಷ ಎನ್ನುವ ಮಾತು ಸ್ಟ್ರಾಬೆರಿಗೆ ಒಪ್ಪುವುದಿಲ್ಲ. ಒಂದೇ ಹಣ್ಣಿನ ಮೈಮೇಲೆ ಇನ್ನೂರರ ಆಸುಪಾಸು ಬೀಜಗಳಿರುತ್ತವೆ. ಅವನ್ನೆಲ್ಲ ಬಿತ್ತಿದರೆ ಬರುವ ಸಸಿಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ, ತಾಯಿಯಂತೆಯೂ ಇರುವುದಿಲ್ಲ. ಇದಕ್ಕೆ ಕಾರಣ ಅದರ ವಂಶವಾಹಕದ ಗಂಟು. ರೊಬಸ್ಟ ಕಾಫಿಯ ಜೀವಕೋಶದಲ್ಲಿ 22 ವರ್ಣತಂತುಗಳಿವೆ, ಎಂದರೆ ಹನ್ನೊಂದರ ಎರಡು ಜೊತೆ. ಅರೇಬಿಕದಲ್ಲಿ 44, ಹನ್ನೊಂದರ ನಾಲ್ಕು ಜೊತೆ. ಸ್ಟ್ರಾಬೆರಿಯಲ್ಲಿ 56, ಏಳರ ಎಂಟು ಜೊತೆ. ಎಂಟು ಕಟ್ಟು ಎಲೆಗಳನ್ನು ಕಲಸಿ ಹಂಚಿದರೆ ಒಬ್ಬನ ಕೈಗೆ ಬಿದ್ದ ಆಟ ಇನ್ನೊಬ್ಬನಿಗೆ ಬೀಳುವುದುಂಟೇ?

ಆದರೆ ಪ್ರಕೃತಿ ಈ ಗಿಡಕ್ಕೆ ಇನ್ನೊಂದು ದಾರಿ ಕೊಟ್ಟಿದೆ. ಬುಡದಿಂದ ನೆಲದ ಮೇಲೆ ತೆಳ್ಳನೆಯ ಹಬ್ಬುಬಳ್ಳಿ ಹೊರಡುತ್ತದೆ. ನಮ್ಮ ಕರಿಮೆಣಸಿನ ಬುಡದಿಂದ ಹೊರಟು ನೆಲದಲ್ಲಿ ಹರಿಯುವ ಬಳ್ಳಿಯನ್ನು ನೆನೆಸಿಕೊಳ್ಳಿ. ಅದರ ಗೆಣ್ಣು ಮಣ್ಣಿಗೆ ತಾಗಿದಲ್ಲಿ ಬೇರಿಳಿದು ಹೊಸ ಸಸಿಯಾಗುತ್ತದೆ. ಆ ಸಸಿ ಎಲ್ಲ ಬಗೆಯಲ್ಲೂ ತಾಯಿಯೇ. ಅದರಿಂದ ಹತ್ತು, ಹತ್ತರಿಂದ ನೂರು, ಲಕ್ಷ ಮಾಡಿದರೂ ಗುಣ ಒಂದೇ.

ಹೀಗಾಗಿ ಸ್ಟ್ರಾಬೆರಿಯ ತಳಿ ಸಂವರ್ಧನೆಯ ಗುಟ್ಟು ಎರಡು ಮಾತಿನಲ್ಲಿ ಮುಗಿಯುತ್ತದೆ. ಬೀಜದಿಂದ ವೈವಿಧ್ಯ ಪಡೆ, ಅದರಲ್ಲಿ ಒಳ್ಳೆಯದೊಂದನ್ನು ಆರಿಸು. ಆ ಮೇಲೆ ಬೀಜವನ್ನು ಬಿಟ್ಟು ಬಳ್ಳಿಯಿಂದ ಅದನ್ನೇ ಹೆಚ್ಚಿಸು. ಹೇಳಲು ಸುಲಭ. ಮಾಡಲು ಏಳೆಂಟು ವರ್ಷ ಹಿಡಿಯುತ್ತದೆ.

ಸಂಕರಣ ಮಾಡುವ ಕ್ರಮ

ಮೊದಲು ತಂದೆ ತಾಯಿಗಳ ಆಯ್ಕೆ. ಒಂದರಲ್ಲಿ ಗಟ್ಟಿ ಹಣ್ಣು ಇದೆ, ರುಚಿ ಸಾಲದು. ಇನ್ನೊಂದರಲ್ಲಿ ರುಚಿ ಇದೆ, ಬೇರು ಕೊಳೆತ ಬೇಗ ತಗಲುತ್ತದೆ. ಎರಡರ ಒಳ್ಳೆಯ ಗುಣ ಒಂದೆಡೆ ಸೇರಲಿ ಎಂದು ಜೋಡಿ ಮಾಡುತ್ತಾರೆ.

ಸ್ಟ್ರಾಬೆರಿ ಹೂವಿನಲ್ಲಿ ಬಿಳಿ ದಳ, ಅದರ ಒಳಗೆ ಸುತ್ತಲೂ ಹಳದಿ ಪರಾಗಕೋಶಗಳು, ನಡುವೆ ದಿಬ್ಬದಂತಹ ಹೆಣ್ಣು ಭಾಗ. ತಾಯಿ ಎಂದು ಆರಿಸಿದ ಗಿಡದ ಮೊಗ್ಗನ್ನು ಅದು ಅರಳುವ ಒಂದೆರಡು ದಿನ ಮೊದಲೇ ಬಿಡಿಸಿ, ಸಣ್ಣ ಚಿಮಟದಿಂದ ಪರಾಗಕೋಶಗಳನ್ನೆಲ್ಲ ತೆಗೆದುಹಾಕಬೇಕು. ಒಂದು ಉಳಿದರೂ ಅದರ ಪರಾಗ ಅದಕ್ಕೇ ತಾಗಿ ಕೆಲಸ ಕೆಡುತ್ತದೆ. ತಂದೆ ಗಿಡದ ಪರಾಗಕೋಶಗಳನ್ನು ಬಿಡಿಸಿ ಬೆಚ್ಚನೆಯ ಒಣ ಜಾಗದಲ್ಲಿ ಒಂದು ರಾತ್ರಿ ಇಟ್ಟರೆ ಅರಿಸಿನ ಪುಡಿಯಂತೆ ಪರಾಗ ಉದುರುತ್ತದೆ. ಮೆತ್ತನೆಯ ಕುಂಚದಿಂದ ಅದನ್ನು ತಾಯಿ ಹೂವಿನ ದಿಬ್ಬದ ಎಲ್ಲ ಕಡೆ ಸವರಿ, ಜೇನುನೊಣ ಬಾರದಂತೆ ಚೀಲ ಕಟ್ಟಿ, ತಂದೆ ತಾಯಿಯ ಹೆಸರು ಮತ್ತು ತಾರೀಖು ಬರೆದ ಚೀಟಿ ಕಟ್ಟುತ್ತಾರೆ.

‘ಎಲ್ಲ ಕಡೆ’ ಎಂದದ್ದಕ್ಕೆ ಕಾರಣವಿದೆ. ನಾವು ಬೀಜ ಎನ್ನುವ ಆ ಸಣ್ಣ ಕಾಳುಗಳೇ ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಕಾಯಿಗಳು. ನಾವು ತಿನ್ನುವ ಕೆಂಪು ಭಾಗ ಹೂವಿನ ಪೀಠ ಉಬ್ಬಿ ಆದದ್ದು. ಒಂದೊಂದು ಕಾಳೂ ತನ್ನ ಸುತ್ತಲಿನ ತಿರುಳನ್ನು ಬೆಳೆಸುತ್ತದೆ. 1950ರಲ್ಲಿ ನಿಚ್ ಎಂಬ ವಿಜ್ಞಾನಿ ಎಳೆಯ ಹಣ್ಣಿನ ಮೇಲಿನ ಕಾಳುಗಳನ್ನು ಕಿತ್ತು ನೋಡಿದರು. ಕಿತ್ತ ಕಡೆ ತಿರುಳು ಬೆಳೆಯಲಿಲ್ಲ, ಬಿಟ್ಟ ಕಡೆ ಬೆಳೆಯಿತು. ಸೊಟ್ಟ ಹಣ್ಣು ಬಂದರೆ ಗೊಬ್ಬರ ಕಡಿಮೆಯಾಯಿತೆಂದು ಹೇಳುವವರು ಮೊದಲು ಹೂವಿಗೆ ಜೇನು ಬಂದಿತ್ತೇ ಎಂದು ನೋಡಬೇಕು.

ನಾಲ್ಕೈದು ವಾರದಲ್ಲಿ ಹಣ್ಣಾಗುತ್ತದೆ. ನೀರಿನಲ್ಲಿ ಕಿವುಚಿದರೆ ಗಟ್ಟಿ ಕಾಳು ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ. ಒಣಗಿಸಿ, ಕೆಲವು ವಾರ ತಣ್ಣನೆಯ ತೇವದಲ್ಲಿಟ್ಟು, ಆ ಮೇಲೆ ಮಣ್ಣಿನ ಮೇಲೆ ಉದುರಿಸುತ್ತಾರೆ. ಹುಗಿಯುವುದಿಲ್ಲ, ಮೊಳೆಯಲು ಬೆಳಕು ಬೇಕು.

ಹೀಗೆ ಎದ್ದ ಸಾವಿರಾರು ಸಸಿಗಳನ್ನು ಹೊಲದಲ್ಲಿ ಒಂದೊಂದಾಗಿ ನೆಡುತ್ತಾರೆ. ಹಣ್ಣಿನ ಕಾಲಕ್ಕೆ ಸಂವರ್ಧಕ ಸಾಲು ಸಾಲು ನಡೆದು ನೋಡುತ್ತಾನೆ, ಹಿಚುಕುತ್ತಾನೆ, ಬಾಯಿಗೆ ಹಾಕುತ್ತಾನೆ. ನೂರರಲ್ಲಿ ತೊಂಬತ್ತೊಂಬತ್ತನ್ನು ಕಿತ್ತೆಸೆಯಬೇಕಾಗುತ್ತದೆ. ಉಳಿದ ಕೆಲವನ್ನು ಬಳ್ಳಿಯಿಂದ ಹೆಚ್ಚಿಸಿ ಮುಂದಿನ ವರ್ಷ ಸಾಲಾಗಿ ನೆಟ್ಟು, ಪಕ್ಕದಲ್ಲಿ ಹೆಸರಾದ ಹಳೆಯ ತಳಿಯನ್ನೂ ನೆಟ್ಟು ತೂಗಿ ನೋಡುತ್ತಾರೆ. ಆ ಮುಂದಿನ ವರ್ಷ ಬೇರೆ ಊರಿನಲ್ಲಿ, ಬೇರೆ ಮಣ್ಣಿನಲ್ಲಿ. ಮೊದಲ ವರ್ಷ ಕಣ್ಣು ಕುಕ್ಕಿದ ಗಿಡ ಮೂರನೆಯ ವರ್ಷ ತಕ್ಕಡಿಯಲ್ಲಿ ಸೋಲುವುದು ಸಾಮಾನ್ಯ.

ಒಂದು ತಳಿಯ ಜಾತಕ

ನಮ್ಮ ಬಿಲ್ಲಿನ ಮೇಲಿದ್ದ ಆಲ್ಬಿಯನ್ ಹೆಸರಿನ ಜಾಡು ಹಿಡಿದು ಹೋದಾಗ, ಅದು ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ತಳಿ ಎಂದು ತಿಳಿಯಿತು.

ಅದರ ಕಥೆ ಇನ್ನೂ ಹಿಂದಿನಿಂದ ಆರಂಭವಾಗುತ್ತದೆ. ಸಾಧಾರಣ ಸ್ಟ್ರಾಬೆರಿ ಹಗಲು ಗಿಡ್ಡದಾಗಿ ತಂಪು ಹಿಡಿದಾಗ ಹೂ ಮೊಗ್ಗು ಕಟ್ಟುತ್ತದೆ. ಹಗಲು ಉದ್ದವಾದರೆ ಹೂ ನಿಲ್ಲಿಸಿ ಬಳ್ಳಿ ಬಿಡುತ್ತದೆ. ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಗಿಡ ಸಿಕ್ಕರೆ ಹೆಚ್ಚು ತಿಂಗಳು ಹಣ್ಣು ಕೀಳಬಹುದಲ್ಲವೇ? ಅಂತಹ ಕಾಡು ಗಿಡವೊಂದು ಸಾಲ್ಟ್ ಲೇಕ್ ಸಿಟಿಯ ಬಳಿಯ ವಾಸಾಚ್ ಪರ್ವತಗಳಲ್ಲಿ ಬ್ರಿಂಗ್‌ಹರ್ಸ್ಟ್ ಎಂಬ ವಿಜ್ಞಾನಿಗೆ 1950ರ ದಶಕದಲ್ಲಿ ಸಿಕ್ಕಿತು. ಹಣ್ಣೇ ಬಿಡದ ಗಂಡು ಗಿಡ ಅದು. ಅದರ ಪರಾಗವನ್ನು ತೋಟದ ತಳಿಗೆ ಕೊಟ್ಟರು. ಬಂದ ಮಕ್ಕಳಲ್ಲಿ ಆ ಗುಣ ಇತ್ತು, ಆದರೆ ಹಣ್ಣು ಕಾಡಿನದರಂತೆ ಸಣ್ಣದು. ಗುಣವಿದ್ದ ಮಕ್ಕಳನ್ನು ಆರಿಸಿ ಮತ್ತೆ ತೋಟದ ತಳಿಗೆ ಕೂಡಿಸಿದರು, ಮತ್ತೆ ಆರಿಸಿ ಮತ್ತೆ ಕೂಡಿಸಿದರು. ಕಾಡಿನ ಗಾತ್ರ ಹೋಗಿ ಕಾಡಿನ ಹೂ ಬಿಡುವ ಗುಣ ಮಾತ್ರ ಉಳಿಯಬೇಕು. ಬ್ರಿಂಗ್‌ಹರ್ಸ್ಟ್ ಮತ್ತು ಅವರ ಜೊತೆಗಾರ ವೋತ್ ಈ ಬಗೆಯ ಮೊದಲ ತಳಿಗಳನ್ನು ಬೆಳೆಗಾರರಿಗೆ ಕೊಟ್ಟದ್ದು 1979ರಲ್ಲಿ. ಸುಮಾರು ಕಾಲು ಶತಮಾನದ ದುಡಿಮೆ.

ಆಲ್ಬಿಯನ್ ಇದೇ ವಂಶದ್ದು. 1997ರಲ್ಲಿ ‘ಡಯಮಾಂಟೆ’ ತಳಿಗೂ ಪ್ರಯೋಗದಲ್ಲಿದ್ದ ಇನ್ನೊಂದು ಗಿಡಕ್ಕೂ ಸಂಕರಣ ಮಾಡಿದರು. 1998ರಲ್ಲಿ ಆ ಸಸಿ ಮೊದಲು ಹಣ್ಣು ಬಿಟ್ಟಿತು, ಆರಿಸಿಕೊಂಡರು. ಆಗ ಅದಕ್ಕೆ ಹೆಸರಿರಲಿಲ್ಲ, ‘97.117-3’ ಎಂಬ ಅಂಕಿ ಮಾತ್ರ ಇತ್ತು. 97ನೆಯ ಇಸವಿಯ 117ನೆಯ ಸಂಕರಣದಲ್ಲಿ ಆರಿಸಿದ 3ನೆಯ ಗಿಡ ಎಂದು ಇದರ ಅರ್ಥ. ಗಿಡಕ್ಕೆ ಹೆಸರು ಇಡುವ ಎಷ್ಟೋ ಮೊದಲೇ ಅದರ ಹುಟ್ಟು ಪುಸ್ತಕದಲ್ಲಿ ದಾಖಲಾಗಿರುತ್ತದೆ ಎನ್ನುವುದನ್ನು ಗಮನಿಸಬೇಕು. ಬೆಳೆಗಾರರಿಗೆ ಬಿಡುಗಡೆಯಾದದ್ದು 2004ರಲ್ಲಿ, ಅಮೆರಿಕದ ಸಸ್ಯ ಪೇಟೆಂಟ್ ದೊರೆತದ್ದು 2006ರಲ್ಲಿ.

ವಿವರಣೆ ಎಂದರೇನು?

ಪೇಟೆಂಟಿಗಾಗಲಿ ನೋಂದಣಿಗಾಗಲಿ ತಳಿಯ ಜೊತೆಗೆ ಅದರ ವಿವರಣೆಯನ್ನು ಕೊಡಲೇಬೇಕು. ‘ಉತ್ತಮ ಇಳುವರಿ, ರುಚಿಕರ ಹಣ್ಣು’ ಎಂದು ಬರೆದರೆ ಅದು ಜಾಹೀರಾತು ಆಯಿತು, ವಿವರಣೆ ಆಗಲಿಲ್ಲ. ಯಾವ ಗಿಡವಾದರೂ ಹಾಗೆ ಹೇಳಿಸಿಕೊಳ್ಳಬಹುದು. ಇದು ಇದೇ ಗಿಡ, ಬೇರೆಯಲ್ಲ ಎಂದು ಅಪರಿಚಿತನೊಬ್ಬ ಕೈಯಲ್ಲಿ ಕಾಗದ ಹಿಡಿದು ಹೊಲದಲ್ಲಿ ನಿಂತು ಹೇಳುವಂತಿರಬೇಕು.

ಅದಕ್ಕೆ ಪ್ರಪಂಚದ ಹಲವು ದೇಶಗಳು ಸೇರಿ ಒಂದು ಪಟ್ಟಿ ಮಾಡಿಕೊಂಡಿವೆ. 1961ರ ಪ್ಯಾರಿಸ್ ಒಪ್ಪಂದದಿಂದ ಹುಟ್ಟಿ ಜಿನೀವಾದಲ್ಲಿರುವ ‘ಯುಪೋವ್’ ಎಂಬ ಸಂಸ್ಥೆಯದು ಆ ಪಟ್ಟಿ. ಸ್ಟ್ರಾಬೆರಿಯಲ್ಲಿ ನೋಡಬೇಕಾದ ಲಕ್ಷಣಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತೇವೆ.

ಗಿಡ: ನೆಟ್ಟಗೆ ಏಳುತ್ತದೆಯೇ, ಹರಡಿಕೊಳ್ಳುತ್ತದೆಯೇ? ಎಲೆ ದಟ್ಟವೇ, ತೆಳುವೇ? ಹೂ ಗೊಂಚಲು ಎಲೆಗಳ ಮೇಲಕ್ಕೆ ಬರುತ್ತದೆಯೇ, ಸಮಕ್ಕೆ ನಿಲ್ಲುತ್ತದೆಯೇ, ಒಳಗೆ ಅಡಗುತ್ತದೆಯೇ? ಹಬ್ಬುಬಳ್ಳಿ ಹೆಚ್ಚೋ ಕಡಿಮೆಯೋ?

ಎಲೆ: ಮೇಲ್ಮೈಯ ಹಸಿರು ಎಷ್ಟು ಗಾಢ, ಹೊಳಪು ಎಷ್ಟು, ಉಬ್ಬುತಗ್ಗು ಎಷ್ಟು? ಮೂರು ಕಿರುಎಲೆಗಳಲ್ಲಿ ನಡುವಿನದರ ಉದ್ದ ಅಗಲಕ್ಕಿಂತ ಹೆಚ್ಚೇ? ಅಂಚಿನ ಹಲ್ಲು ದುಂಡೋ ಚೂಪೋ? ತೊಟ್ಟಿನ ಮೇಲಿನ ರೋಮ ಮೇಲ್ಮುಖವೋ, ಅಡ್ಡಕ್ಕೆ ನಿಂತಿದೆಯೋ?

ಹೂ: ದಳಗಳು ಬಿಡಿಯಾಗಿವೆಯೇ, ಒಂದಕ್ಕೊಂದು ತಾಗುತ್ತವೆಯೇ, ಒಂದರ ಮೇಲೊಂದು ಬರುತ್ತವೆಯೇ?

ಹಣ್ಣು: ಆಕಾರ ಶಂಕುವೋ, ಹೃದಯದಂತೆಯೋ, ದುಂಡೋ? ಬಣ್ಣ ಎಲ್ಲ ಕಡೆ ಸಮವೇ? ಕಾಳುಗಳು ಮೈಯಿಂದ ಮೇಲೆದ್ದಿವೆಯೇ, ಸಮಕ್ಕಿವೆಯೇ, ಗುಳಿಯಲ್ಲಿವೆಯೇ? ತೊಟ್ಟಿನ ಬಳಿಯ ಹಸಿರು ಟೋಪಿ ಹಣ್ಣಿಗಿಂತ ಅಗಲವೋ ಕಿರಿದೋ, ಸುಲಭವಾಗಿ ಕಳಚುತ್ತದೆಯೇ? ಒಳತಿರುಳಿನ ಬಣ್ಣ ಯಾವುದು, ನಡುವೆ ಪೊಳ್ಳು ಇದೆಯೇ?

ಕಾಲ: ಹೂ ಯಾವಾಗ ಆರಂಭ, ಹಣ್ಣು ಯಾವಾಗ ಆರಂಭ, ಒಮ್ಮೆ ಬಿಟ್ಟು ನಿಲ್ಲುತ್ತದೆಯೇ, ಬಿಡುತ್ತಲೇ ಇರುತ್ತದೆಯೇ?

ಇದರಲ್ಲಿ ಇಳುವರಿಯ ಮಾತೇ ಇಲ್ಲವಲ್ಲ ಎನ್ನಬಹುದು. ಇಳುವರಿ ಗೊಬ್ಬರ, ನೀರು, ಹವೆಯ ಮೇಲೆ ನಿಂತಿದೆ. ಎಲೆಯ ಅಂಚಿನ ಹಲ್ಲು, ಕಾಳು ಕುಳಿತಿರುವ ರೀತಿ ನಾವು ಎಷ್ಟು ಗೊಬ್ಬರ ಹಾಕಿದರೂ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಗುರುತಿಗೆ ಬೇಕಾದದ್ದು ಅಂತಹ ಲಕ್ಷಣಗಳು. ಪೊಲೀಸರು ಮನುಷ್ಯನ ಗುರುತಿಗೆ ತೂಕಕ್ಕಿಂತ ಮಚ್ಚೆಯನ್ನು ಬರೆದುಕೊಳ್ಳುವುದು ಇದೇ ಕಾರಣಕ್ಕೆ.

ಈ ಪಟ್ಟಿಯನ್ನು ತುಂಬಿದ ಮೇಲೆ ಮೂರು ಪರೀಕ್ಷೆಗಳು. ಮೊದಲನೆಯದು ಭಿನ್ನತೆ: ಈಗಾಗಲೇ ತಿಳಿದಿರುವ ಎಲ್ಲ ತಳಿಗಳಿಂದ ಒಂದಾದರೂ ಲಕ್ಷಣದಲ್ಲಿ ಸ್ಪಷ್ಟವಾಗಿ ಬೇರೆ ಇರಬೇಕು. ಎರಡನೆಯದು ಏಕರೂಪತೆ: ನೆಟ್ಟ ಗಿಡಗಳೆಲ್ಲ ಒಂದೇ ತೆರನಾಗಿರಬೇಕು. ಮೂರನೆಯದು ಸ್ಥಿರತೆ: ಬಳ್ಳಿಯಿಂದ ಬಳ್ಳಿಗೆ ಹೆಚ್ಚಿಸುತ್ತಾ ಹೋದರೂ ಲಕ್ಷಣ ಬದಲಾಗಬಾರದು.

ಇನ್ನು ನಮ್ಮ ಆರು ಗುಂಟೆಗೆ ಬರೋಣ. ಆಲ್ಬಿಯನ್ ಹಣ್ಣು ಉದ್ದನೆಯ ಶಂಕುವಿನ ಆಕಾರದ್ದು, ತಾಯಿಯಾದ ಡಯಮಾಂಟೆಗಿಂತ ಹೊರಗೂ ಒಳಗೂ ಗಾಢ ಕೆಂಪು. ಇಷ್ಟು ಎರಡು ಸಾಲು ನಮ್ಮ ಕೈಯಲ್ಲಿದ್ದಿದ್ದರೆ, ದುಂಡು ಆಕಾರದ, ಒಳಗೆ ಬಿಳಿಯಾದ, ಪೊಳ್ಳಾದ ಹಣ್ಣನ್ನು ಕೊಯ್ದು ಅಂದೇ ಮಹಜರು ಮಾಡಬಹುದಿತ್ತು. ಏಕರೂಪತೆ ಎಂಬ ಒಂದು ಮಾತು ತಿಳಿದಿದ್ದರೂ ಸಾಕಿತ್ತು. ಬಳ್ಳಿಯಿಂದ ಬಂದ ಒಂದೇ ತಳಿಯ ಸಾಲಿನಲ್ಲಿ ಮೂರು ಬಗೆಯ ಹಣ್ಣು ಇರುವುದು ಸಾಧ್ಯವೇ ಇಲ್ಲ. ಮೂರರಲ್ಲಿ ಯಾವುದು ಆಲ್ಬಿಯನ್ ಎನ್ನುವುದನ್ನು ಅವರೇ ಹೇಳಲಿ ಎಂದು ಕೇಳಬಹುದಿತ್ತು. ನಾವು ಕೇಳಲಿಲ್ಲ. ಫೋಟೋ ಕೂಡ ತೆಗೆದಿಡದೆ ಗಿಡ ಕಿತ್ತು ಹಾಕಿದೆವು. ಈ ತಪ್ಪು ಸಂಘದ ಕಚೇರಿಯದೇ, ಒಪ್ಪಿಕೊಳ್ಳುತ್ತೇವೆ.

ನಮ್ಮ ಬೆಳೆಗಳಲ್ಲಿ ಇದರ ಅರ್ಥ

ಅರೇಬಿಕ ಕಾಫಿ ಬಹುಪಾಲು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಆದ್ದರಿಂದ ಶುದ್ಧ ತೋಟದ ಬೀಜ ಬಿತ್ತಿದರೆ ತಾಯಿಯಂತಹ ಸಸಿಯನ್ನು ನಿರೀಕ್ಷಿಸಬಹುದು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ದೊಡ್ಡಗುಡ್ಡ ಎಸ್ಟೇಟಿನಲ್ಲಿ ಕೆಂಟ್ ಎಂಬ ಪ್ಲಾಂಟರು ತುಕ್ಕು ರೋಗ ತಡೆಯುವ ಒಂದು ಗಿಡವನ್ನು ಆರಿಸಿಕೊಂಡದ್ದು, ಅದು ಅವರ ಹೆಸರಿನಲ್ಲೇ ‘ಕೆಂಟ್ಸ್’ ಎಂದು ಪ್ರಸಿದ್ಧವಾದದ್ದು ಹಿರಿಯರಿಗೆ ಗೊತ್ತು. ಆ ಕೆಂಟ್ಸ್‌ಗೆ ಎಸ್.288 ಕೂಡಿಸಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು 1940ರ ದಶಕದಲ್ಲಿ ಕೊಟ್ಟ ಎಸ್.795 ಇಂದಿಗೂ ನಮ್ಮ ತೋಟಗಳಲ್ಲಿ ನಿಂತಿದೆ. ಅಂಕಿಯ ಹೆಸರನ್ನು ಕಂಡು ನಗುವವರಿದ್ದಾರೆ. ಆ ಅಂಕಿ ಎಂದರೆ ಪುಸ್ತಕದಲ್ಲಿ ಅದರ ಹುಟ್ಟು ಬರೆದಿದೆ ಎಂದು ಅರ್ಥ.

ರೊಬಸ್ಟ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಬೀಜದ ಸಸಿಗಳು ಒಂದೊಂದು ಒಂದೊಂದು ಬಗೆ. ಆದ್ದರಿಂದಲೇ ಒಳ್ಳೆಯ ರೊಬಸ್ಟ ಗಿಡವನ್ನು ಕಡ್ಡಿಯಿಂದ, ಕಸಿಯಿಂದ ಹೆಚ್ಚಿಸುತ್ತೇವೆ. ಸ್ಟ್ರಾಬೆರಿಯ ಬಳ್ಳಿ ತಾನಾಗಿ ಮಾಡುವುದನ್ನು ಇಲ್ಲಿ ನಮ್ಮ ಕತ್ತರಿ ಮಾಡುತ್ತದೆ.

ಅಡಿಕೆಯದು ಎಲ್ಲಕ್ಕಿಂತ ಕಷ್ಟದ ಸಂಗತಿ. ಒಂದೇ ಹಿಂಗಾರದಲ್ಲಿ ಗಂಡು ಹೂ ಮೊದಲು ಅರಳಿ ಉದುರಿಹೋಗುತ್ತದೆ, ಹೆಣ್ಣು ಹೂ ಆ ಮೇಲೆ ಅರಳುತ್ತದೆ. ಹೀಗಾಗಿ ಪರಾಗ ಸಾಮಾನ್ಯವಾಗಿ ಬೇರೆ ಮರದ್ದು. ಬೀಜದ ಅಡಿಕೆಗೆ ತಾಯಿ ಯಾರೆಂದು ಗೊತ್ತು, ತಂದೆ ಯಾರೆಂದು ಗೊತ್ತಿಲ್ಲ. ಕಡ್ಡಿ ನೆಡಲು ಅದಕ್ಕೆ ಟೊಂಗೆಯಿಲ್ಲ, ಹಬ್ಬಲು ಬಳ್ಳಿಯಿಲ್ಲ. 1972ರಲ್ಲಿ ವಿಟ್ಲದ ಸಂಶೋಧನಾ ಕೇಂದ್ರದಿಂದ ಹೊರಬಂದ ‘ಮಂಗಳ’ ತಳಿಯ ಒಂದು ಮರವನ್ನು ನಮ್ಮ ಊರ ತಳಿಯ ನೂರು ಮರಗಳ ನಡುವೆ ನೆಟ್ಟು, ಅದರ ಗೋಟನ್ನು ‘ಮಂಗಳ’ ಎಂದು ಬಿತ್ತಿದರೆ ಬರುವುದು ಮಂಗಳವೂ ಅಲ್ಲ, ಊರ ತಳಿಯೂ ಅಲ್ಲ. ಆದರೂ ಅದೇ ಹೆಸರಿನಲ್ಲಿ ಸಸಿ ಮಾರುವವರಿದ್ದಾರೆ. ಅವರೆಲ್ಲ ಮೋಸಗಾರರೆಂದು ನಾವು ಹೇಳುವುದಿಲ್ಲ, ಬಹಳ ಮಂದಿಗೆ ತಿಳಿಯದು. ಕೊಳ್ಳುವವರಾದ ನಮಗಾದರೂ ತಿಳಿದಿರಬೇಕು. ಮರ ಫಲ ಕೊಡುವ ಹೊತ್ತಿಗೆ ಮಗ ಕಾಲೇಜಿಗೆ ಹೋಗಿರುತ್ತಾನೆ.

ಕಾನೂನಿನ ಒಂದು ಮಾತು

ನಮ್ಮ ದೇಶದಲ್ಲಿ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಇದೆ. ಭಿನ್ನತೆ, ಏಕರೂಪತೆ, ಸ್ಥಿರತೆ ಎಂಬ ಮೇಲಿನ ಮೂರು ಪರೀಕ್ಷೆಗಳೇ ಇಲ್ಲಿಯೂ ನೋಂದಣಿಗೆ ಆಧಾರ. ಸಂವರ್ಧಕರು ಮಾತ್ರವಲ್ಲ, ರೈತರು ಬೆಳೆಸಿ ಉಳಿಸಿಕೊಂಡು ಬಂದ ತಳಿಯನ್ನು ರೈತರ ಹೆಸರಿನಲ್ಲೂ ನೋಂದಾಯಿಸಲು ಅವಕಾಶವಿದೆ. ನೋಂದಾಯಿತ ತಳಿಯ ಬೀಜವನ್ನಾಗಲಿ ಸಸಿಯನ್ನಾಗಲಿ ರೈತರಿಗೆ ಕೊಡುವಾಗ, ಯಾವ ಪರಿಸ್ಥಿತಿಯಲ್ಲಿ ಅದರಿಂದ ಎಷ್ಟು ನಿರೀಕ್ಷಿಸಬಹುದು ಎನ್ನುವುದನ್ನು ಸಂವರ್ಧಕರು ತಿಳಿಸಬೇಕು. ಆ ಪರಿಸ್ಥಿತಿಯಲ್ಲಿ ಬೆಳೆದೂ ಅದು ಅಷ್ಟು ಕೊಡದಿದ್ದರೆ ಪ್ರಾಧಿಕಾರದ ಮುಂದೆ ಪರಿಹಾರ ಕೇಳುವ ಹಕ್ಕನ್ನು 39ನೆಯ ಕಲಮು ರೈತರಿಗೆ ಕೊಟ್ಟಿದೆ. ಹಕ್ಕು ಇರುವುದು ಕಾಗದದಲ್ಲಿ. ಅದನ್ನು ಕೇಳಲು ನಮ್ಮ ಕೈಯಲ್ಲೂ ಕಾಗದ ಇರಬೇಕು.

ಸಸಿ ಕೊಳ್ಳುವಾಗ

1. ತಳಿಯ ಪೂರ್ಣ ಹೆಸರನ್ನೂ ಅದನ್ನು ಬಿಡುಗಡೆ ಮಾಡಿದ ಸಂಸ್ಥೆಯ ಹೆಸರನ್ನೂ ಬಿಲ್ಲಿನಲ್ಲಿ ಬರೆಸಿ. ‘ಹೈಬ್ರಿಡ್’, ‘ಸ್ಪೆಷಲ್’, ‘ಜಂಬೋ’ ಎನ್ನುವುವು ತಳಿಯ ಹೆಸರುಗಳಲ್ಲ.

2. ತಳಿಯ ಲಕ್ಷಣಗಳ ವಿವರಣೆಯನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಬಿಡುಗಡೆ ಮಾಡಿದ ಸಂಸ್ಥೆಯಿಂದ ತರಿಸಿಕೊಡಲು ಸಂಘದ ಕಚೇರಿ ಸಹಾಯ ಮಾಡುತ್ತದೆ.

3. ತಾಯಿ ಗಿಡ ಎಲ್ಲಿದೆ ಎಂದು ಕೇಳಿ, ಸಾಧ್ಯವಾದರೆ ಹೋಗಿ ನೋಡಿ. ಅಡಿಕೆಯಾದರೆ ತಾಯಿ ಮರದ ಸುತ್ತಲಿನ ಮರಗಳನ್ನೂ ನೋಡಿ, ತಂದೆ ಇರುವುದು ಅವುಗಳಲ್ಲೇ.

4. ಬಂದ ಸಸಿಗಳನ್ನು ಯಾವ ಸಾಲಿನಲ್ಲಿ, ಎಂದು ನೆಟ್ಟಿರಿ ಎನ್ನುವುದನ್ನು ಪುಸ್ತಕದಲ್ಲಿ ಬರೆಯಿರಿ. ಬಿಲ್ಲನ್ನು ಅದೇ ಪುಸ್ತಕಕ್ಕೆ ಅಂಟಿಸಿ.

5. ಬೇರೆ ಬಗೆಯ ಗಿಡ ಕಂಡ ದಿನವೇ ಫೋಟೋ ತೆಗೆದು, ಇಬ್ಬರು ನೆರೆಯವರನ್ನು ಕರೆದು ತೋರಿಸಿ, ಕಚೇರಿಗೆ ತಿಳಿಸಿ. ಗಿಡ ಕೀಳಬೇಡಿ.

6. ಹೆಸರು ಸರಿಯಿದ್ದ ಮಾತ್ರಕ್ಕೆ ಸಸಿ ಸರಿ ಎಂದಲ್ಲ. ಬಳ್ಳಿ, ಕಡ್ಡಿಯಿಂದ ಹೆಚ್ಚಿಸುವ ಬೆಳೆಗಳಲ್ಲಿ ತಾಯಿಯ ಗುಣದ ಜೊತೆಗೆ ತಾಯಿಯ ನಂಜುರೋಗವೂ ಸಸಿಗೆ ಬರುತ್ತದೆ. ತಾಯಿ ಗಿಡದ ಆರೋಗ್ಯವನ್ನೂ ವಿಚಾರಿಸಿ.

ನಮ್ಮ ಸಸ್ಯಕ್ಷೇತ್ರದಲ್ಲೂ ಮನೆ ಸರಿಮಾಡಿಕೊಳ್ಳಬೇಕಾಗಿದೆ. ಇದುವರೆಗೆ ಸದಸ್ಯರು ತಂದುಕೊಟ್ಟ ಗೋಟನ್ನು ‘ಒಳ್ಳೆಯ ಮರದ್ದು’ ಎಂಬ ಬಾಯಿಮಾತಿನ ಮೇಲೆ ಬಿತ್ತುತ್ತಿದ್ದೆವು. ಇನ್ನು ಮುಂದೆ ತಾಯಿ ಮರಕ್ಕೆ ನಂಬರು ಹಾಕಿ, ಒಂದು ದಾಖಲೆ ಪುಸ್ತಕದಲ್ಲಿ ಅದರ ವಯಸ್ಸು, ಫಲಕ್ಕೆ ಬಂದ ವರ್ಷ, ಗೊನೆಯ ಸಂಖ್ಯೆ, ಕಾಯಿಯ ಆಕಾರ, ಸುತ್ತಲಿನ ಮರಗಳ ಬಗೆ, ರೋಗದ ಇತಿಹಾಸ ಇಷ್ಟನ್ನು ಬರೆದ ಮೇಲೆಯೇ ಬೀಜ ತೆಗೆದುಕೊಳ್ಳುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಸಸಿಯ ಚೀಲದ ಮೇಲೆ ಆ ನಂಬರು ಇರುತ್ತದೆ. ಸಂಘ ಕೊಟ್ಟ ಸಸಿ ಕೆಟ್ಟದಾದರೆ ಸದಸ್ಯರು ಆ ನಂಬರನ್ನು ಹಿಡಿದುಕೊಂಡು ಬಂದು ನಮ್ಮನ್ನೇ ಕೇಳಬಹುದು.

ತಮ್ಮ ತೋಟದಲ್ಲಿ ಇತರ ಮರಗಳಿಗಿಂತ ಬೇರೆಯಾಗಿ ಎದ್ದು ಕಾಣುವ ಮರವಿದ್ದರೆ, ಗಿಡವಿದ್ದರೆ, ಅದರ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಗೆ ಕಳಿಸಿರೆಂದು ಕೋರುತ್ತೇವೆ. ಕೆಂಟ್ ಅವರ ಗಿಡವೂ ಮೊದಲು ಒಂದು ತೋಟದಲ್ಲಿ ಒಬ್ಬರ ಕಣ್ಣಿಗೆ ಬಿದ್ದ ಒಂದೇ ಒಂದು ಗಿಡವಾಗಿತ್ತು.

ಅಂದಹಾಗೆ, ಆ ಆರು ಗುಂಟೆಯ ಬದುವಿನ ಮೇಲೆ ಕೀಳದೆ ಉಳಿದಿದ್ದ ಕೆಲವು ಸ್ಟ್ರಾಬೆರಿ ಗಿಡಗಳು ಕಳೆದ ಚಳಿಗಾಲದಲ್ಲಿ ಹಣ್ಣು ಬಿಟ್ಟವು. ಉದ್ದನೆಯ ಶಂಕು, ಒಳಗೂ ಗಾಢ ಕೆಂಪು. ಈ ಸಲ ಹಣ್ಣು ತಿನ್ನುವ ಮೊದಲು ಪಟ್ಟಿಯನ್ನು ಮುಂದಿಟ್ಟುಕೊಂಡು ಎಲೆ, ಹೂ, ಕಾಳು, ಟೋಪಿ ಎಲ್ಲವನ್ನೂ ಬರೆದಿಟ್ಟಿದ್ದೇವೆ. ಕಚೇರಿಗೆ ಬಂದಾಗ ಆ ಹಾಳೆಯನ್ನು ನೋಡಬಹುದು.

— ಕಾರ್ಯದರ್ಶಿ